ಚೀಲ ಹೊತ್ತು ಹೋದ ದೀವಳಿಗೆ

ಬೆನ್ನಿಗೆ ಚೀಲ ಏರಿಸಿಕೊಂಡು ಹೊಸ್ತಿಲು ದಾಟುವಾಗ ನಮ್ಮವ್ವ ಕೇಳಿದ್ದು ಒಂದೇ ಮಾತು: "ಯಾಕಪಾ, ಗುಳೇ ಹೊಂಟಿಯೇನು?"

ನಾನು ನಕ್ಕೆ. "ಗುಳೇ ಅಲ್ಲವ್ವ, ದೇಶ ನೋಡಾಕ ಹೊಂಟೀನಿ" ಅಂದೆ.

"ಹಬ್ಬ ಮುಂದಿಟ್ಕೊಂಡು ಯಾರನ್ನ ಮನಿ ಬಿಡ್ತಾರೇನು? ಹಬ್ಬದಾಗ ಚೀಲ ಹೊತ್ತು ಊರು ಬಿಟ್ಟೋರು ಹೊಟ್ಟಿಗಿಲ್ಲದೋರು" ಅಂದಳು.

ಅವ್ವನ ಲೆಕ್ಕದಲ್ಲಿ ಬೆನ್ನ ಮೇಲೆ ಚೀಲ ಏರೋದಕ್ಕೆ ಎರಡೇ ಕಾರಣ. ಒಂದು ಗುಳೆ, ಇನ್ನೊಂದು ಹಮಾಲಿ. ಖುಷಿಗೆ ಚೀಲ ಹೊರುವ ಮನುಷ್ಯನನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಇದು 2018ರ ಮಾತು. ನಾನು ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಹಿಂದಿ ಕಲಿಸುವ ಮೇಷ್ಟ್ರು. ಅವ್ವನ ತವರು ಕುರುಗೋಡು. ಅಪ್ಪ ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಹಮಾಲಿ ಮಾಡಿ ಸತ್ತವನು. 1953ರಲ್ಲಿ ತುಂಗಭದ್ರಾ ಡ್ಯಾಮಿನ ಕೆಲಸ ಮುಗಿದು ಕಾಲುವೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ನೆಲ್ಲು ತುಂಬಿ ತುಳುಕಿತು ಅಂತಾರೆ. ಖರೆ. ನೀರು ಹೊಲ ಇದ್ದವರ ಹೊಲಕ್ಕೆ ಬಂತು. ಹೊಲ ಇಲ್ಲದ ನಮಗೆ ಬಂದದ್ದು ಆ ನೆಲ್ಲಿನ ಚೀಲ. ಅಪ್ಪನ ಕತ್ತಿನ ಕೆಳಗೆ ಅಂಗೈಯಗಲ ಚರ್ಮ ದಪ್ಪಗಾಗಿ ಕಪ್ಪಿಟ್ಟಿತ್ತು. ಸಣ್ಣವನಿದ್ದಾಗ ಅದನ್ನು ಮುಟ್ಟಿ "ಇದೇನಪ್ಪ?" ಅಂದರೆ, "75 ಕೆ.ಜಿ. ಗೌಡ ಕೂರೋ ಕುರ್ಚಿ ಐತಿ ಅದು" ಅನ್ನೋನು.

ಅಂಥವನ ಮಗ ಬೆನ್ನಿಗೆ ಚೀಲ ಹಾಕಿಕೊಂಡು ಪರದೇಶ ತಿರುಗಲು ಹೊರಟಿದ್ದೆ. ಚೀಲ ಅಂಗಡಿಯದಲ್ಲ. ನನ್ನ ತಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾನೆ. ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ ನೆನಪಾಗುತ್ತದೆ, ಕೋಟೆ ನೆನಪಾಗುತ್ತದೆ. ಆದರೆ ಊರಿನ ಸಂದಿಗೊಂದಿಗಳಲ್ಲಿ ಸಾವಿರಾರು ಜನ ಮಷಿನ್ನಿನ ಮುಂದೆ ಕೂತು, ಪೀಸಿಗಿಷ್ಟು ಅಂತ ಜೀನ್ಸ್ ಪ್ಯಾಂಟು ಹೊಲಿದು ಬದುಕುತ್ತಾರೆ. ಕತ್ತರಿಸಿ ಉಳಿದ ತುಂಡುಗಳನ್ನು ಕೂಡಿಸಿ ತಮ್ಮ ನನಗೊಂದು ಚೀಲ ಹೊಲಿದುಕೊಟ್ಟ. ಮೂರು ನಮೂನಿ ನೀಲಿ, ಒಂದು ಕಡೆ ಕರಿ. "ಅಣ್ಣ, ಇದು ಹರಿಯೋದಿಲ್ಲ, ನೀನು ಹರೀಬೇಕು ಅಷ್ಟ" ಅಂದ.

ದೀವಳಿಗೆಯಲ್ಲೇ ಯಾಕೆ ಹೊರಟೆ ಅಂತ ಕೇಳಬಹುದು. ಶಾಲೆಗೆ ರಜೆ, ಜೊತೆಗೆ ನಾಲ್ಕು ದಿನ ಸಿ.ಎಲ್. ಅದು ಮೇಲಿನ ಕಾರಣ. ಒಳಗಿನ ಕಾರಣ ಬೇರೆ. ನನಗೆ ದೀವಳಿಗೆ ಅಂದರೆ ಆಗುವುದಿಲ್ಲ. ಪಾಡ್ಯದ ದಿನ ಊರೊಳಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿ, ಬಾಯಿಗೆ ಹೋಳಿಗೆ ಇಡುತ್ತಿದ್ದರು. ಅಪ್ಪ ಮುಂದೆ ನಿಂತು ಹಲಗೆ ಬಡಿಯಬೇಕು. ಅವ್ವ ಹಿತ್ತಲ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲಬೇಕು. ಅವಳ ಸೀರೆ ಹಿಡಿದು ನಾನು. "ಎತ್ತು ಉಣ್ಣಲಿ ತಡೀರಿ" ಅನ್ನುತ್ತಿದ್ದರು. ತಡೀತಿದ್ದೆವು. ಕುರುಗೋಡಿನ ದೊಡ್ಡಬಸವಣ್ಣನನ್ನು, ಆ ಒಂದೇ ಕಲ್ಲಿನ ಬೃಹತ್ ಎತ್ತನ್ನು ಕಂಡು ಬೆಳೆದ ನಮಗೆ ಎತ್ತಿಗೆ ಕೈಮುಗಿಯುವುದು ಹೊಸದೇನಲ್ಲ. ಆದರೆ ಅದೇ ಎತ್ತು ಸತ್ತ ದಿನ ಹೊತ್ತು ಒಯ್ಯಲು ಕರೆ ಬರುತ್ತಿದ್ದದ್ದು ನಮ್ಮ ಕೇರಿಗೆ ಮಾತ್ರ. ಇದು ನನ್ನ ತಲೆಯಿಂದ ಇಳಿಯಲಿಲ್ಲ. ನೌಕರಿ ಬಂತು, ಮನೆ ಕಟ್ಟಿದೆ, ಮಕ್ಕಳು ಪಟಾಕಿ ಹೊಡೆದರು. ಆದರೂ ಪಾಡ್ಯದ ದಿನ ನನ್ನ ಕೈಗೆ ಆ ಬುಟ್ಟಿಯ ಹಿಡಿ ತಾಕಿದಂತಾಗುತ್ತದೆ.

ಹೋದದ್ದು ನೇಪಾಳಕ್ಕೆ. ಪರದೇಶ ಅಂದರೆ ಪಾಸ್‌ಪೋರ್ಟು, ವೀಸಾ, ವಿಮಾನ ಅಂತ ಹೆದರುವ ನಮ್ಮಂಥವರಿಗೆ ಇರುವ ಸುಲಭದ ಪರದೇಶ ಅದು. 1950ರ ಒಪ್ಪಂದದಿಂದಾಗಿ ಆ ಗಡಿಯಲ್ಲಿ ನಮಗೆ ವೀಸಾ ಬೇಡ, ವೋಟರ್ ಕಾರ್ಡು ಸಾಕು. ಇನ್ನೊಂದು ಸೆಳೆತ ಬಾಬಾಸಾಹೇಬರದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದ ಅವರು ಮರುತಿಂಗಳೇ ಕಠ್ಮಂಡುವಿನ ವಿಶ್ವ ಬೌದ್ಧ ಸಮ್ಮೇಳನಕ್ಕೆ ಹೋದರು. ಮೈಯಲ್ಲಿ ಕಸುವಿರಲಿಲ್ಲ. ಆದರೂ ಬುದ್ಧ ಮತ್ತು ಕಾರ್ಲ್ ಮಾರ್ಕ್ಸ್ ಬಗ್ಗೆ ಅಲ್ಲಿ ಮಾತಾಡಿದರು. ಡಿಸೆಂಬರ್ 6ಕ್ಕೆ ತೀರಿಕೊಂಡರು.

ಮೂರನೆಯ ಸೆಳೆತ ನಮ್ಮ ಊರ ಕಡೆಯದೇ. ಸಿರುಗುಪ್ಪ ತಾಲೂಕಿನ ನಿಟ್ಟೂರಿನಲ್ಲಿ, ಉಡೆಗೋಳದಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಅವು ಬೆಳಕಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ, ನಾನು ಗೌಡರ ಎಮ್ಮೆ ಕಾಯುತ್ತಿದ್ದ ಕಾಲ. ಪೇಟೆಯಿಂದ ಯಾರೋ ಬಂದು ಕಲ್ಲಿಗೆ ಕಾಗದ ಅಂಟಿಸಿ ಮಸಿ ಬಡಿದರಂತೆ, ನಿಧಿ ಇದೆಯಂತೆ ಅಂತ ಸುದ್ದಿ ಹಬ್ಬಿತ್ತು. ನಿಧಿ ಏನು ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಬಹುಪಾಲು ಶಾಸನಗಳಲ್ಲಿ ರಾಜ ತನ್ನನ್ನು ದೇವಾನಾಂಪ್ರಿಯ ಅಂತ ಕರೆದುಕೊಳ್ಳುತ್ತಾನೆ. ಅಶೋಕ ಅನ್ನುವ ಹೆಸರೇ ಇರುವುದು ಕೆಲವೇ ಕಡೆ: ಮಸ್ಕಿ, ಮಧ್ಯಪ್ರದೇಶದ ಗುಜರ್ರಾ, ನಮ್ಮ ನಿಟ್ಟೂರು, ನಮ್ಮ ಉಡೆಗೋಳಂ. ಈ ಕಿರು ಶಾಸನಗಳ ಸಾರದಲ್ಲಿ ಎರಡು ಮಾತು ನನಗೆ ಬೇಕಾದವು. ಒಂದು, ಧರ್ಮದ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ಸಿಗುತ್ತದೆ ಅನ್ನುವುದು. ಇನ್ನೊಂದು, ನಿಜ ನುಡಿಯಬೇಕು ಅನ್ನುವುದು. ಎಮ್ಮೆ ಕಾಯುವ ಹುಡುಗ ಆ ಬಂಡೆಗಳ ಮಗ್ಗುಲಲ್ಲಿ ರೊಟ್ಟಿ ತಿಂದಿದ್ದ, ಓದಿರಲಿಲ್ಲ. ಅದೇ ರಾಜ ನಿಲ್ಲಿಸಿದ ಇನ್ನೊಂದು ಕಲ್ಲು ಲುಂಬಿನಿಯಲ್ಲಿದೆ. ಅದನ್ನಾದರೂ ಎದುರಿಗೆ ನಿಂತು ನೋಡಬೇಕು ಅನ್ನಿಸಿತ್ತು.

ಗುಂತಕಲ್ಲಿನಲ್ಲಿ ರೈಲು ಹತ್ತಿ, ನಡುವೆ ಬದಲಿಸಿ, ಗೋರಖಪುರದಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ. ಗಡಿ ಅಂದರೆ ಒಂದು ಕಮಾನು. ಒಂದು ಹೆಜ್ಜೆ ಭಾರತ, ಇನ್ನೊಂದು ಹೆಜ್ಜೆ ನೇಪಾಳ. ಯಾರೂ ತಡೆಯಲಿಲ್ಲ. ನವೆಂಬರ್ 4ಕ್ಕೆ ಲುಂಬಿನಿ ಸೇರಿದೆ. ಅಲ್ಲಿ ಬೆನ್ನಿಗೆ ಚೀಲ ಹೊತ್ತವರ ಹಿಂಡೇ ಇತ್ತು. ಬಿಳಿಯರು, ಕೊರಿಯಾದವರು, ಥಾಯ್‌ಲೆಂಡಿನವರು. ಕೆಲವರ ಚೀಲ ಅವರಿಗಿಂತ ಎತ್ತರ. ಅವರನ್ನು ಕಂಡರೆ ಅವ್ವ ಏನನ್ನುತ್ತಿದ್ದಳೋ! ಅಪ್ಪನಂತೂ ಚೀಲ ಕಟ್ಟಿದ್ದು ಸರಿಯಿಲ್ಲ, ಭಾರ ಸೊಂಟಕ್ಕೆ ಬೀಳತೈತಿ ಅಂತ ಬಿಚ್ಚಿಸಿ ಕಟ್ಟಿಸುತ್ತಿದ್ದ.

ಕಲ್ಲಿನ ಕಂಬದ ಮುಂದೆ ಬಹಳ ಹೊತ್ತು ನಿಂತೆ. ಪಟ್ಟಕ್ಕೇರಿದ ಇಪ್ಪತ್ತನೆಯ ವರ್ಷದಲ್ಲಿ ರಾಜನೇ ಇಲ್ಲಿಗೆ ಬಂದ, ಶಾಕ್ಯಮುನಿ ಬುದ್ಧ ಹುಟ್ಟಿದ ಜಾಗ ಅಂತ ಪೂಜಿಸಿದ, ಊರಿನ ತೆರಿಗೆ ಬಿಟ್ಟ, ಬೆಳೆಯಲ್ಲಿ ಎಂಟನೆಯ ಒಂದು ಪಾಲು ಮಾತ್ರ ಸಾಕು ಅಂದ. ಅಷ್ಟೇ ಅದರ ಸಾರ. ಪೂಜೆಗೆ ಬಂದ ರಾಜ ಬಡವರ ಹೊರೆ ಇಳಿಸಿ ಹೋದ ಅಂತ ಕಲ್ಲಿನಲ್ಲಿ ಬರೆಸಿದ್ದು ನನಗೆ ಹಿಡಿಸಿತು. ಅದೇ ಬ್ರಾಹ್ಮಿ ಲಿಪಿ. ನಿಟ್ಟೂರಿನ ಬಂಡೆಯನ್ನು ಇಲ್ಲಿ ಕಂಡಂತಾಗಿ ಕಣ್ಣು ತೇವವಾಯಿತು.

ಮರುದಿನ ಬುಟ್ವಲ್ ದಾಟಿ ಬೆಟ್ಟದ ದಾರಿಯಲ್ಲಿ ತಾನ್ಸೇನ್‌ಗೆ ಹೋದೆ. ಪಾಲ್ಪಾ ಜಿಲ್ಲೆಯ ಹಳೆಯ ಊರು. ಕಲ್ಲು ಹಾಸಿದ ಏರುಬೀದಿಗಳು, ಢಾಕಾ ಬಟ್ಟೆಯ ಟೋಪಿ ಮಾರುವ ಅಂಗಡಿಗಳು. ಒಂದು ಮನೆಯವರು ಮಹಡಿಯ ಕೋಣೆಯನ್ನು ಬಂದುಹೋಗುವವರಿಗೆ ಬಾಡಿಗೆಗೆ ಕೊಡುತ್ತಿದ್ದರು. ಮನೆಯ ಹಿರಿಯಳನ್ನು ಎಲ್ಲರೂ ಆಮಾ ಅನ್ನುತ್ತಿದ್ದರು. ಆಮಾ ಅಂದರೆ ಅವ್ವ. ನಾನೂ ಹಾಗೇ ಕರೆದೆ. ಹಿಂದಿಯಲ್ಲಿ ಮಾತು ನಡೆಯಿತು.

ಅವರ ದೀವಳಿಗೆಗೆ ತಿಹಾರ್ ಅಂತ ಹೆಸರು. ಐದು ದಿನ. ಮೊದಲ ದಿನ ಕಾಗೆಗೆ ಅನ್ನ. ಎರಡನೆಯ ದಿನ ನಾಯಿಗೆ ಪೂಜೆ. ಮೂರನೆಯ ದಿನ ಹಸು, ಸಂಜೆ ಲಕ್ಷ್ಮಿ. ನಾಲ್ಕನೆಯ ದಿನ ಎತ್ತು. ಐದನೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಏಳು ಬಣ್ಣದ ತಿಲಕ ಇಡುತ್ತಾರೆ. ಅದು ಭಾಯಿಟೀಕಾ. ನವೆಂಬರ್ 6ರ ಬೆಳಗ್ಗೆ ಬೀದಿಗೆ ಇಳಿದರೆ ನಾಯಿಗಳಿಗೆಲ್ಲ ಚೆಂಡುಹೂವಿನ ಹಾರ, ಹಣೆಗೆ ಕೆಂಪು. ಸಾಕಿದ ನಾಯಿಗೂ ಬೀದಿನಾಯಿಗೂ ಭೇದ ಇಲ್ಲ. ಒಂದು ಕುಂಟನಾಯಿ ಹಾರ ಹಾಕಿಕೊಂಡು ಬಿಸಿಲಿಗೆ ಮಲಗಿತ್ತು, ಹುಡುಗಿಯೊಬ್ಬಳು ಅದರ ಬಾಯಿಗೆ ಸೇಲ್ ರೊಟ್ಟಿ ಮುರಿದು ಹಾಕುತ್ತಿದ್ದಳು. ಸೇಲ್ ರೊಟ್ಟಿ ಅಂದರೆ ಅಕ್ಕಿಹಿಟ್ಟಿನದು, ಬಳೆಯಂತೆ ಎಣ್ಣೆಗೆ ಬಿಟ್ಟು ಕರಿಯುತ್ತಾರೆ. 1931ರಲ್ಲಿ ಗಾಂಧಿಯವರ ಎದುರು ಬಾಬಾಸಾಹೇಬರು ಆಡಿದ ನಾಯಿ ಬೆಕ್ಕಿನ ಮಾತು ನಿಮಗೆಲ್ಲ ಗೊತ್ತಿದೆ. ನನಗೂ ಅದೇ ನೆನಪಾಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಆ ನಾಯಿಯ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಕೇರಿಯಲ್ಲಿ ನಮ್ಮ ಜೊತೆ ಉಂಡು ಮಲಗಿದ್ದು ನಾಯಿಯೇ.

ಆ ದಿನ ಮಧ್ಯಾಹ್ನ ಆಮಾ ನನ್ನ ಚೀಲ ನೋಡಿದಳು. ಮುಟ್ಟಿ, ತಿರುಗಿಸಿ, ಹೊಲಿಗೆ ಎಷ್ಟು ಚೆಂದ ಇದೆ, ಯಾರು ಹೊಲಿದದ್ದು ಅಂತ ಕೇಳಿದಳು. ಹೆಮ್ಮೆಯಿಂದ "ನನ್ನ ತಮ್ಮ" ಅಂದೆ. ಚೀಲದ ಮೇಲಿದ್ದ ಅವಳ ಕೈ ನಿಂತಿತು. "ನಿಮ್ಮ ಥರ್ ಯಾವುದು?"

ಥರ್ ಅಂದರೆ ಮನೆತನದ ಹೆಸರು. ಅದನ್ನು ಕೇಳಿದರೆ ಜಾತಿ ಕೇಳಿದ ಹಾಗೆ. ಆಮೇಲೆ ತಿಳಿಯಿತು, ಆ ದೇಶದಲ್ಲಿ ಹೊಲಿಗೆ ಅನ್ನುವುದು ದಮಾಯಿಗಳ ಕಸುಬು. ದಮಾಯಿಗಳು ಮುಟ್ಟಬಾರದವರು. ಕಮ್ಮಾರಿಕೆಯ ಕಾಮಿ, ಚರ್ಮದ ಕೆಲಸದ ಸಾರ್ಕಿ, ಹೊಲಿಗೆಯ ದಮಾಯಿ. 1854ರಲ್ಲಿ ಜಂಗ್ ಬಹಾದೂರ್ ರಾಣಾನ ಕಾಲದಲ್ಲಿ ಬಂದ ಮುಲುಕಿ ಐನ್ ಎಂಬ ಕಾನೂನು ಇವರನ್ನೆಲ್ಲ ನೀರು ನಡೆಯದ ಜಾತಿ ಅಂತ ಬರೆದಿಟ್ಟಿತು. ಇವರ ಕೈಯ ನೀರು ಉಳಿದವರಿಗೆ ನಡೆಯುವುದಿಲ್ಲ. ಮನು ಬರೆದದ್ದನ್ನು ಸರ್ಕಾರವೇ ಕಾಯಿದೆ ಮಾಡಿದ ಹಾಗೆ. 1963ರಲ್ಲಿ ಹೊಸ ಕಾನೂನು ಬಂತು, 2011ರಲ್ಲಿ ಅಸ್ಪೃಶ್ಯತೆ ಶಿಕ್ಷಾರ್ಹ ಅಪರಾಧ ಅಂತ ಪ್ರತ್ಯೇಕ ಕಾಯಿದೆಯೂ ಬಂತು. ಕಾಗದದಲ್ಲಿ ಅಳಿಸಿದ್ದು ಅಡುಗೆಮನೆಯಲ್ಲಿ ಅಳಿಸಲಿಲ್ಲ. ನಮ್ಮಲ್ಲಿ 1950ರ ಸಂವಿಧಾನದ 17ನೆಯ ವಿಧಿಗೆ ಆದದ್ದೂ ಇದೇ.

ನಾನು ತಡವರಿಸಿದೆ. ನಮ್ಮ ಕಡೆ ಯಾರು ಬೇಕಾದರೂ ಹೊಲೀತಾರೆ, ಬಳ್ಳಾರಿಯಲ್ಲಿ ಎಲ್ಲ ಜಾತಿಯವರೂ ಮಷಿನ್ ತುಳೀತಾರೆ, ನಾನು ಮೇಷ್ಟ್ರು, ಶಾಲೆ ಮೇಷ್ಟ್ರು ಅಂದೆ.

"ಓ, ಗುರು! ಹಾಗಿದ್ದರೆ ಬಾಹುನ್ ಇರಬೇಕು" ಅಂದಳು. ಬಾಹುನ್ ಅಂದರೆ ಬ್ರಾಹ್ಮಣ. ಅವಳ ಮುಖ ಅರಳಿತು.

ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಸ್ಟೀಲ್ ಲೋಟದಲ್ಲಿದ್ದ ಚಹಾ ಕುಡಿದೆ. ಗೆಳೆಯರೇ, ನಾನು ಸುಳ್ಳು ಹೇಳಲಿಲ್ಲ. ಸುಳ್ಳು ತಾನಾಗಿ ಬಂದು ಪಕ್ಕದಲ್ಲಿ ಕೂತಿತು, ನಾನು ಎಬ್ಬಿಸಿ ಕಳಿಸಲಿಲ್ಲ.

ಆಮೇಲಿನ ಎರಡು ದಿನ ಹೇಗಿದ್ದವು ಅಂತ ಬರೆಯಲು ನಾಚಿಕೆಯಾಗುತ್ತದೆ. ಚೆನ್ನಾಗಿದ್ದವು. ಅಡುಗೆಮನೆಯ ಒಳಗೆ, ಒಲೆಯ ಪಕ್ಕ ಮಣೆ ಹಾಕಿ ಕೂರಿಸಿ ಉಣಿಸಿದಳು. ಸೇಲ್ ರೊಟ್ಟಿ ಬಿಡುವುದನ್ನು ಕಲಿಸಿದಳು. ನನ್ನದು ಬಳೆಯಾಗದೆ ಹಾವಾದಾಗ ಮನೆಮಂದಿಯೆಲ್ಲ ನಕ್ಕರು. ನಮ್ಮೂರಿನ ಸೋನಾ ಮಸೂರಿ ಅಕ್ಕಿಯ ಬಗ್ಗೆ ಹೇಳಿದೆ. ಲಕ್ಷ್ಮಿಪೂಜೆಯ ಸಂಜೆ ಬೀದಿಯಿಂದ ಮನೆಯೊಳಗಿನವರೆಗೆ ಹೆಜ್ಜೆ ಬರೆದು ದೀಪ ಇಟ್ಟಾಗ ಒಂದು ಸಾಲು ದೀಪ ನನ್ನ ಕೈಯಿಂದಲೇ ಹಚ್ಚಿಸಿದಳು. ಐವತ್ತು ವರ್ಷದಲ್ಲಿ ಮೊದಲ ಸಲ ದೀವಳಿಗೆಯನ್ನು ನಾನು ಮುಂಬಾಗಿಲಿನಿಂದ ನೋಡಿದೆ. ಹಿತ್ತಲ ಬಾಗಿಲು ನೆನಪಾಗಲಿಲ್ಲ. ಅಷ್ಟು ಹಗುರ. ಚೀಲ ಹೊತ್ತು ದೇಶ ತಿರುಗುವವರು ಹುಡುಕಿಕೊಂಡು ಹೋಗುವುದು ಇದನ್ನೇ ಇರಬೇಕು. ಯಾರೂ ನಮ್ಮನ್ನು ಅರಿಯದ ಊರು. ಅವರಿಗೆ ಅದು ನಾಲ್ಕು ದಿನದ ಆಟ. ನಮಗೆ ಅದು ಮತ್ತಿನ ಪದಾರ್ಥ.

ನವೆಂಬರ್ 8, ನಮ್ಮ ಬಲಿಪಾಡ್ಯಮಿ. ಆ ಬೆಳಗ್ಗೆ ಚೀಲದ ಪಟ್ಟಿ ಕಿತ್ತಿತು. ಹರಿಯೋದಿಲ್ಲ ಅಂದಿದ್ದ ತಮ್ಮನ ಮಾತು ಬೆಟ್ಟ ಹತ್ತಿಳಿಯುವುದರಲ್ಲಿ ಸುಳ್ಳಾಯಿತು. ಬಜಾರಿನ ಕೆಳಗಿನ ತಿರುವಿನಲ್ಲಿ ಒಬ್ಬ ದರ್ಜಿ ಕೂತಿದ್ದ. ನನ್ನದೇ ವಯಸ್ಸು. ಚೀಲ ತಿರುಗಿಸಿ ನೋಡಿ, "ಇದು ಕೈ ತಿಳಿದವನ ಹೊಲಿಗೆ ದಾಯಿ, ಕಿತ್ತದ್ದು ಬಟ್ಟೆ, ಹೊಲಿಗೆಯಲ್ಲ" ಅಂದ. ದಾಯಿ ಅಂದರೆ ಅಣ್ಣ. ತಮ್ಮ ಹೊಲಿದದ್ದು ಅಂದೆ. ಕೇಳುವ ಮೊದಲೇ, ಯಾಕೋ ಅವನ ಮುಂದೆ ಬಾಯಿ ತಾನಾಗಿ ಬಿಚ್ಚಿತು. ನಾನು ಮಾದಿಗ, ಚರ್ಮದ ಕೆಲಸದವರು, ನಿಮ್ಮ ಸಾರ್ಕಿಗಳ ಹಾಗೆ ಅಂದೆ.

ಅವನು ಮಷಿನ್ ನಿಲ್ಲಿಸಿ ನಕ್ಕ. ಎಲ್ಲಿ ಇಳಿದಿದ್ದೀರಿ ಅಂತ ಕೇಳಿದ. ಮನೆ ಹೇಳಿದೆ. ನಗು ನಿಂತಿತು.

"ಒಳಗೆ ಊಟ ಕೊಟ್ಟರಾ?"

"ಅಡುಗೆಮನೆಯಲ್ಲೇ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಮ್ಮಪ್ಪ ಆ ಮನೆಗೆ ಹೊಲಿಯುತ್ತಿದ್ದ. ವರ್ಷಕ್ಕಿಷ್ಟು ಧಾನ್ಯ. ನಾನೂ ಹೊಲಿದೆ. ಅಂಗಳದಲ್ಲೇ ಅಳತೆ, ಅಂಗಳದಲ್ಲೇ ಚಹಾ." ವರ್ಷಕ್ಕಿಷ್ಟು ಧಾನ್ಯಕ್ಕೆ ಮನೆಮನೆಗೆ ದುಡಿಯುವ ಆ ಪದ್ಧತಿಗೆ ಅವರಲ್ಲಿ ಬಾಲಿಘರೆ ಅಂತ ಹೆಸರು. ಕಣದಲ್ಲಿ ಆಯ ಪಡೆಯಲು ನಿಲ್ಲುತ್ತಿದ್ದ ನಮ್ಮಜ್ಜನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾನು ಹೇಳಿಲ್ಲ ಅವರಿಗೆ" ಅಂದೆ.

"ಹೇಳಬೇಡಿ ದಾಯಿ. ಉಂಡು ಹೋಗಿ. ನಮ್ಮವನೊಬ್ಬ ಆ ಒಲೆಯ ಪಕ್ಕ ಕೂತು ಉಂಡ ಅಂತ ನಾನು ಇಲ್ಲಿ ಕೂತು ಖುಷಿಪಡ್ತೀನಿ."

ಹೊಲಿದು ಕೊಟ್ಟು ದುಡ್ಡು ಬೇಡ ಅಂದ. ನಾನು ಬಿಡಲಿಲ್ಲ, ಬಲವಂತವಾಗಿ ಕೊಟ್ಟೆ. ಹಬ್ಬದ ದಿನ ಪುಕ್ಕಟೆ ಹಲಗೆ ಬಡಿದವನ ಮಗ ನಾನು, ಪುಕ್ಕಟೆ ಹೊಲಿಗೆ ಹೇಗೆ ಹಾಕಿಸಿಕೊಳ್ಳಲಿ?

ಸಂಜೆ ಹುಡುಗರ ಗುಂಪು ಮನೆಮನೆಗೆ ದೇವುಸಿ ಹಾಡುತ್ತ ಬಂತು. ಅರ್ಥ ಪೂರಾ ಆಗಲಿಲ್ಲ, ಆದರೆ ಬಲಿರಾಜನ ಹೆಸರು ಕಿವಿಗೆ ಬಿತ್ತು. ತಮ್ಮನ್ನು ಕಳಿಸಿದವನು ಬಲಿರಾಜ ಅನ್ನುವ ನಂಬಿಕೆಯಂತೆ. ನನಗೆ ಮೈ ಜುಮ್ಮೆಂದಿತು. ಕೇಳಿದವನಿಗೆ ಕೊಟ್ಟು, ಮೋಸಕ್ಕೆ ತಲೆ ಒಡ್ಡಿ ಪಾತಾಳಕ್ಕಿಳಿದ ಬಲಿ. 1873ರ ಗುಲಾಮಗಿರಿಯಲ್ಲಿ ಜೋತಿಬಾ ಫುಲೆಯವರು ಶೂದ್ರಾತಿಶೂದ್ರರ ರಾಜ ಅಂತ ಎತ್ತಿ ಹಿಡಿದ ಬಲಿ. ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನಂತೆ. ಈ ಸಂಜೆ ಬಂದು ಈ ಮನೆಯಲ್ಲಿ ನನ್ನನ್ನು ಹುಡುಕಿದರೆ ಯಾವ ಹೆಸರಿಗೆ ಓಗೊಡಲಿ? ವಾಮನ ಬಂದದ್ದು ವೇಷ ಹಾಕಿಕೊಂಡು, ಬ್ರಾಹ್ಮಣನ ವೇಷ. ಈ ಎರಡು ದಿನ ನಾನು ಹಾಕಿಕೊಂಡು ಕೂತದ್ದು ಯಾವುದನ್ನು? ನಿಟ್ಟೂರಿನ ಕಲ್ಲೂ ಸುಮ್ಮನಿರಲಿಲ್ಲ. ನಿಜ ನುಡಿಯಬೇಕು.

ಹುಡುಗರು ಹೋದ ಮೇಲೆ ಆಮಾ ಒಬ್ಬಳೇ ಇದ್ದಾಗ ಹೇಳಿದೆ. "ಆಮಾ, ನಾನು ಬಾಹುನ್ ಅಲ್ಲ. ನಾನು ದಲಿತ. ನಮ್ಮಪ್ಪ ಸತ್ತ ಎತ್ತು ಹೊರುತ್ತಿದ್ದ."

ಅವಳು ಬಯ್ಯಲಿಲ್ಲ, ಎದ್ದೂ ಹೋಗಲಿಲ್ಲ. ದೀಪಕ್ಕೆ ಎಣ್ಣೆ ಹಾಕುತ್ತಿದ್ದವಳು ಹಾಕುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ "ಬೆಳಗ್ಗೆ ಎಷ್ಟು ಗಂಟೆಗೆ ಬಸ್ಸು?" ಅಂದಳು.

ಬೆಳಗ್ಗೆ ಚಹಾ ಬಂತು. ಕಾಗದದ ಲೋಟದಲ್ಲಿ.

ಹಬ್ಬ, ನೆಂಟರು ತುಂಬಿದ್ದಾರೆ, ಲೋಟ ಸಾಲದೆ ಹಾಗೆ ಕೊಟ್ಟಿರಬಹುದು. ಪಕ್ಕದಲ್ಲಿ ಇನ್ನೊಬ್ಬ ಹುಡುಗನ ಕೈಯಲ್ಲೂ ಕಾಗದದ ಲೋಟ ಇತ್ತು. ಇರಬಹುದು, ಇಲ್ಲದಿರಬಹುದು. ಜಾತಿಯ ಗಾಯ ಅಂದರೆ ಬರೀ ಹೊಡೆತ ಅಲ್ಲ. ಹೊಡೆತ ಬಿತ್ತೋ ಇಲ್ಲವೋ ಅಂತ ಕೊನೆತನಕ ತಿಳಿಯದೆ ಒಂದು ಲೋಟದ ಮುಂದೆ ಕೂತು ಯೋಚಿಸುವುದೂ ಅದೇ. ನಮ್ಮ ಹಳ್ಳಿಯ ಹೋಟೆಲುಗಳಲ್ಲಿ ಬೇರೆ ಲೋಟ ಇಟ್ಟ ಕಾಲ ನೋಡಿದ್ದೇನೆ. ಆಮೇಲೆ ಪ್ಲಾಸ್ಟಿಕ್ ಲೋಟ ಬಂದು ಆ ಪ್ರಶ್ನೆಯನ್ನೇ ಮುಚ್ಚಿಹಾಕಿದ್ದನ್ನೂ ನೋಡಿದ್ದೇನೆ.

ಹೊರಟು ಅಂಗ‌ಳಕ್ಕೆ ಬಂದಾಗ ಆಮಾಳ ಮಗಳು ಓಡಿಬಂದಳು. ಅಣ್ಣತಮ್ಮಂದಿರಿಗೆ ತಿಲಕ ಇಡಲು ತವರಿಗೆ ಬಂದಿದ್ದವಳು. ಎರಡು ದಿನದ ಹಿಂದೆ "ನೀವೂ ಸಾಲಿನಲ್ಲಿ ಕೂರಬೇಕು" ಅಂದಿದ್ದಳು. ಈಗ ಸಾಲು ಒಳಗಿತ್ತು, ನಾನು ಹೊರಗಿದ್ದೆ. ಅಲ್ಲೇ ಅಂಗಳದಲ್ಲಿ ನಿಲ್ಲಿಸಿ, ಬೆರಳಿನಿಂದ ಹಣೆ ಮುಟ್ಟಿ ಏಳು ಬಣ್ಣ ಇಟ್ಟಳು. ಕೊರಳಿಗೆ ನೇರಳೆ ಹೂವಿನ ಹಾರ ಹಾಕಿದಳು. ಅವಳಿಗೆ ತಾಯಿ ಹೇಳಿದ್ದಳೋ ಇಲ್ಲವೋ ಗೊತ್ತಿಲ್ಲ. ಆಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಬಸ್ ನಿಲ್ದಾಣಕ್ಕೆ ಇಳಿಯುವ ದಾರಿಯಲ್ಲಿ ದರ್ಜಿಯ ಅಂಗಡಿ ಮುಚ್ಚಿತ್ತು. ಅವನ ಹಣೆಗೂ ಯಾರೋ ತಂಗಿ ಬಣ್ಣ ಇಡುತ್ತಿದ್ದಿರಬೇಕು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಕಾಗದದ ಲೋಟದ ಬಗ್ಗೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. "ಅಂಗಳದಾಗ ಹಚ್ಚಿದ್ದು ನಿನಗ ಹಚ್ಚಿದ್ದು. ಒಳಗ ಉಣಿಸಿದ್ದು ಯಾರಿಗೋ" ಅಂದಳು. ಹಾರವನ್ನು ಅಪ್ಪನ ಪಟಕ್ಕೆ ಹಾಕಿದಳು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ನನ್ನ ಸತ್ಯದ ಕತೆಯಾಗಿ ನನಗೇ ಹಿತವಾಗಿರುತ್ತಿತ್ತು. ಆದರೆ 2019ರ ಸಂಕ್ರಾಂತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಊರಿಗೆ ಬಂದ. ನಮ್ಮ ಕೇರಿಯವನೇ, ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದ. ಹೊಳೆ ಸ್ನಾನಕ್ಕೆ ಹೋದವರು ನಿಟ್ಟೂರಿನ ಬಂಡೆಯ ಕಡೆ ನಡೆದೆವು. ಶಾಸನ ತೋರಿಸಿದೆ. ನೇಪಾಳದ ಕತೆ ಹೇಳಿದೆ, ಸ್ವಲ್ಪ ಎದೆ ಉಬ್ಬಿಸಿಯೇ ಹೇಳಿದೆ. ಹುಡುಗ ಪೂರಾ ಕೇಳಿ ಅಂದ:

"ಸಾರ್, ನಾನು ಬಳ್ಳಾರಿಯಾಗ ಬ್ಯಾರೆ ಜಾತಿ ಹೇಳಿ ರೂಮು ಹಿಡಿದೀನಿ. ಹಾಸ್ಟೆಲ್ ಸಿಗಲಿಲ್ಲ. ನೀವು ನಿಜ ಹೇಳಿ ಬೆಳಿಗ್ಗೆ ಬಸ್ಸು ಹತ್ತಿದ್ರಿ. ನಾನು ನಿಜ ಹೇಳಿ ಎಲ್ಲಿಗೆ ಹೋಗ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಬಂಡೆಯ ಮೇಲಿನ ರಾಜನೂ ಬಾಯಿ ಬಿಡಲಿಲ್ಲ. ತಿರುಗಾಡಿ ಬರುವವನ ಸತ್ಯ ಅಗ್ಗದ್ದು, ಅಲ್ಲೇ ಇರಬೇಕಾದವನ ಸತ್ಯಕ್ಕೆ ಬಾಡಿಗೆ ಕಟ್ಟಬೇಕು. ಆಮೇಲಿನ ವರ್ಷಗಳಲ್ಲಿ ನೇಪಾಳದ ಸುದ್ದಿ ಬಂದಾಗಲೆಲ್ಲ ಈ ಹುಡುಗನ ಮಾತೇ ನೆನಪಾಯಿತು. 2020ರ ಮೇ ತಿಂಗಳಲ್ಲಿ ಪಶ್ಚಿಮ ರುಕುಮ್‌ನಲ್ಲಿ ಮೇಲ್ಜಾತಿಯ ಹುಡುಗಿಯನ್ನು ಪ್ರೀತಿಸಿದ ದಲಿತ ಹುಡುಗನೂ ಅವನ ಜೊತೆ ಹೋದ ಗೆಳೆಯರೂ ಸೇರಿ ಆರು ಮಂದಿ ಭೇರಿ ನದಿಯ ದಂಡೆಯಲ್ಲಿ ಪ್ರಾಣ ಕಳಕೊಂಡರು. 2021ರಲ್ಲಿ ಒಬ್ಬ ದಲಿತ ಪತ್ರಕರ್ತೆ, ಜಾತಿ ಕಾರಣಕ್ಕೆ ಕಠ್ಮಂಡುವಿನಲ್ಲಿ ಬಾಡಿಗೆ ಕೋಣೆ ನಿರಾಕರಿಸಿದರು ಅಂತ ಪೊಲೀಸರಿಗೆ ದೂರು ಕೊಟ್ಟರು.

ಆ ವರ್ಷ ಬೇಸಿಗೆ ರಜೆಯಲ್ಲಿ ನಾವು ನಾಲ್ಕು ಜನ ಮೇಷ್ಟ್ರುಗಳು ಆ ಹುಡುಗನನ್ನು ಕರೆದುಕೊಂಡು ಬಳ್ಳಾರಿಗೆ ಹೋದೆವು. ರೂಮು ಬಾಡಿಗೆಗೆ ಇದೆ ಅಂತ ಬೋರ್ಡು ಇದ್ದ ಮನೆಗಳ ಬಾಗಿಲು ಬಡಿದೆವು. ಮೊದಲೇ ಹೇಳುತ್ತಿದ್ದೆವು: ಹುಡುಗ ಮಾದಿಗರವನು, ಬಿ.ಎಸ್ಸಿ. ಓದುತ್ತಾನೆ, ಬಾಡಿಗೆಗೆ ನಾವು ಜವಾಬ್ದಾರಿ. ಐದು ಮನೆಯವರು ಬೋರ್ಡು ತೆಗೆಯುವುದನ್ನೇ ಮರೆತಿದ್ದರಂತೆ, ರೂಮು ಆಗಲೇ ಹೋಗಿತ್ತಂತೆ. ಆರನೆಯ ಮನೆಯಲ್ಲಿ ಒಬ್ಬ ಮುದುಕಿ ಪೂರಾ ಕೇಳಿಸಿಕೊಂಡು, "ಅಡ್ವಾನ್ಸು ಎಷ್ಟು ತಂದೀರಿ?" ಅಂದಳು. ನಾಲ್ಕು ಜನ ಜೇಬಿನಿಂದ ತೆಗೆದು ಎಣಿಸಿದೆವು. ಅವಳು ಕುಡಿಯಲು ನೀರು ಕೊಟ್ಟಳು. ತಂಬಿಗೆ ತಾಮ್ರದ್ದು. ಹುಡುಗ ಲೋಟ ಹಿಡಿದು ನನ್ನ ಮುಖ ನೋಡಿದ. ಇಬ್ಬರೂ ನಕ್ಕೆವು.

ಹೊಸ ರೂಮಿಗೆ ಅವನ ಪುಸ್ತಕ ಸಾಗಿಸಲು ನನ್ನ ಚೀಲ ಕೊಟ್ಟೆ. ಬಳ್ಳಾರಿಯ ಬಟ್ಟೆ ಮತ್ತೆ ಎರಡು ಕಡೆ ಬಿಟ್ಟಿದೆ. ತಾನ್ಸೇನ್‌ನಲ್ಲಿ ಹಾಕಿದ ಹೊಲಿಗೆ ಮಾತ್ರ ಹಾಗೇ ಇದೆ.